ಚಿಪ್ಪು ತೆಗೆಯುವ ಜಾಗ

ನಮ್ಮ ಫ್ಯಾಕ್ಟರಿಯ ಅಸೆಂಬ್ಲಿ ಶೆಡ್ಡಿನ ಬಾಗಿಲಲ್ಲಿ ಒಂದು ಬೋರ್ಡಿದೆ. ಹೆಲ್ಮೆಟ್ ಇಲ್ಲದೆ ಒಳಗೆ ಬರಬಾರದು ಎಂದು ತಮಿಳು, ಇಂಗ್ಲಿಷು, ಹಿಂದಿ ಮೂರರಲ್ಲೂ ಬರೆದಿದ್ದಾರೆ. ನಮ್ಮ ಬಡಗ ಮಾತಿನಲ್ಲಿ ಬರೆದಿಲ್ಲ. ಬರೆಯಲು ಹೊರಟಿದ್ದರೆ ಪೇಚಿಗೆ ಸಿಕ್ಕಿಕೊಳ್ಳುತ್ತಿದ್ದರು. ಏಕೆಂದರೆ ನಮ್ಮಲ್ಲಿ ಯಾವ ಬೋರ್ಡಿನಲ್ಲೂ ಇಲ್ಲದ ಇನ್ನೊಂದು ನಿಯಮವಿದೆ. ಹಿರಿಯರು ಎದುರಾದರೆ ತಲೆಯ ಮೇಲಿರುವುದನ್ನು ತೆಗೆದು ಬಗ್ಗಬೇಕು. ಅವರು ನೆತ್ತಿಯ ಮೇಲೆ ಅಂಗೈ ಇಟ್ಟು ಹರಸುತ್ತಾರೆ. ಆಮೇಲಷ್ಟೇ ಚೆನ್ನಾಗಿದ್ದೀಯಾ, ಊಟ ಆಯಿತಾ ಎಂಬ ಮಾತು. ರಸ್ತೆಯಾಗಲಿ, ಬಸ್ ಸ್ಟ್ಯಾಂಡಾಗಲಿ, ಆಸ್ಪತ್ರೆಯಾಗಲಿ, ಬಗ್ಗಲೇಬೇಕು. ಬಗ್ಗದವಳನ್ನು ಹಟ್ಟಿಯಲ್ಲಿ ಒಂದು ವಾರ ಬಾಯಿಗೆ ಹಾಕಿಕೊಂಡು ಅಗಿಯುತ್ತಾರೆ. ಈ ಎರಡು ನಿಯಮಗಳು ಒಂದು ದಿನ ನನ್ನ ತಲೆಯ ಮೇಲೆಯೇ ಡಿಕ್ಕಿ ಹೊಡೆದವು.

ನಾನು ಇಂಜಿನಿಯರು. ನಮ್ಮ ಕಂಪನಿ ದೊಡ್ಡದು, ಚಹಾ ಕಾರ್ಖಾನೆಗಳಿಗೆ ಬೇಕಾದ ಯಂತ್ರಗಳನ್ನು ಮಾಡುತ್ತದೆ. ಎಲೆ ಹೊಸೆಯುವ ರೋಲರು, ಒಣಗಿಸುವ ಡ್ರೈಯರು, ಜರಡಿಗಳು. ಹೆಡ್ ಆಫೀಸು ಎಲ್ಲೋ ಬಯಲುಸೀಮೆಯ ಊರಿನಲ್ಲಿದೆ. ನಮ್ಮ ಪ್ಲಾಂಟು ಮಾತ್ರ ಊಟಿಯಿಂದಾಚೆ, ಗುಡ್ಡದ ಮೈಗೆ ಅಂಟಿಕೊಂಡಿದೆ. ಅದರ ಬೇಲಿಯ ಆಚೆಗೇ ಚಹಾ ತೋಟಗಳು, ತೋಟಗಳ ಮೇಲೆ ನಮ್ಮ ಹಟ್ಟಿ. ಅಪ್ಪನ ಎರಡು ತುಂಡು ತೋಟ ಶೆಡ್ಡಿನ ಕಿಟಕಿಯಿಂದ ಕಾಣುತ್ತದೆ. ಅಪ್ಪ ಎಲೆ ಕೊಯ್ಯುವವರ ಜೊತೆ ಜಗಳವಾಡುತ್ತಿದ್ದರೆ ನನಗಿಲ್ಲಿ ಗೊತ್ತಾಗುತ್ತದೆ. ಕೈ ಬೀಸುವ ರೀತಿಯಲ್ಲೇ ತಿಳಿಯುತ್ತದೆ.

ಈ ಕೆಲಸ ನನಗೆ ಇಷ್ಟ. ಇದನ್ನು ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಬೆಳಿಗ್ಗೆ ಮಂಜು ಶೆಡ್ಡಿನ ಒಳಗೂ ಬಂದಿರುತ್ತದೆ. ಬೇರಿಂಗನ್ನು ಬಿಸಿ ಮಾಡಿ ಶಾಫ್ಟಿಗೆ ಏರಿಸಲು ಒಂದು ಹೀಟರ್ ಇದೆ, ಅದರ ಸುತ್ತ ಎಲ್ಲರೂ ಕೈ ಚಾಚಿ ನಿಂತಿರುತ್ತಾರೆ. ಬೇರಿಂಗಿಗಿಂತ ಮೊದಲು ನಾವು ಬಿಸಿಯಾಗುತ್ತೇವೆ. ಯಂತ್ರ ತಯಾರಾದ ದಿನ ಅದನ್ನು ನಿಜವಾದ ಎಲೆ ಹಾಕಿ ಓಡಿಸಿ ನೋಡಬೇಕು. ಆ ದಿನ ಶೆಡ್ಡಿನಲ್ಲಿ ಗ್ರೀಸಿನ ವಾಸನೆ ಅಡಗಿ ಚಹಾದ ಘಮ ಏಳುತ್ತದೆ. ಸಂಜೆ ಮನೆಗೆ ಹೋದರೆ ಅವ್ವ ನನ್ನ ಜಡೆ ಮೂಸಿ, "ಇವತ್ತು ನಿನ್ನ ಮಿಷನ್ನು ಓಡ್ತು ಅಲ್ಲವೇನೆ" ಅನ್ನುತ್ತಾಳೆ. ಅವ್ವ ಗುಂಡ್ಲುಪೇಟೆ ಕಡೆಯವಳು, ಮದುವೆಯಾಗಿ ಬೆಟ್ಟ ಹತ್ತಿದವಳು. ನಾನು ಹೀಗೆ ಕನ್ನಡದಲ್ಲಿ ಬರೆಯುವುದು ಅವಳ ಪುಣ್ಯ. ಅಪ್ಪನ ಕಡೆಯವರ ಮಾತನ್ನು ಈ ಲಿಪಿಗೆ ಇಳಿಸಿದರೆ ಅದು ಅರ್ಧ ಕನ್ನಡವಾಗಿಬಿಡುತ್ತದೆ, ನಮ್ಮವರು ಓದಿದರೆ ಬೈಯಬೇಡಿ.

ಇನ್ನು ದೊಡ್ಡಪ್ಪ. ಅವರು ಅಪ್ಪನ ದಾಯಾದಿ ಅಣ್ಣ, ನಮ್ಮ ಮನೆಯ ಸಾಲಿನಲ್ಲೇ ಅವರ ಮನೆ. ನಾನು ಹುಟ್ಟುವ ಮೊದಲಿನಿಂದಲೂ ಅವರು ಇದೇ ಶೆಡ್ಡಿನಲ್ಲಿ ಇದ್ದಾರೆ. ಕೆಲಸ ಕ್ರೇನಿಗೆ ಸನ್ನೆ ಮಾಡುವುದು. ಚಾವಣಿಯ ಕೆಳಗೆ ಹಳಿಯ ಮೇಲೆ ಓಡುವ ಕ್ರೇನು, ಅದರ ಗೂಡಿನಲ್ಲಿ ಕುಳಿತ ಆಪರೇಟರಿಗೆ ಕೆಳಗಿನ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ. ಆತ ಕೆಳಗೆ ನಿಂತವನ ಕೈ ನೋಡಿಯೇ ಟನ್ನುಗಟ್ಟಲೆ ಕಬ್ಬಿಣವನ್ನು ಎತ್ತಬೇಕು, ಸರಿಸಬೇಕು, ಇಳಿಸಬೇಕು. ದೊಡ್ಡಪ್ಪನದು ಉದ್ದ ಕೈ, ಅಗಲ ಅಂಗೈ. ಮುಷ್ಟಿ ಹಿಡಿದರೆ ನಿಲ್ಲಿಸು. ಅಂಗೈ ಕೆಳಮುಖ ಮಾಡಿ ಮೆಲ್ಲಗೆ ಒತ್ತಿದರೆ ಇಳಿಸು. ನಿಯಮದ ಪುಸ್ತಕದಲ್ಲಿ ಇಳಿಸುವುದಕ್ಕೆ ಬೇರೆ ಸನ್ನೆ ಇದೆಯಂತೆ, ಬೆರಳು ಕೆಳಗೆ ಮಾಡಿ ಸುತ್ತಬೇಕು. ನಮ್ಮ ಶೆಡ್ಡಿನಲ್ಲಿ ಅದು ಯಾರಿಗೂ ಬೇಕಾಗಿರಲಿಲ್ಲ. ಆಪರೇಟರು ದೇವಾಲ ಎಂಬ ಊರಿನ ಎಸ್ಟೇಟಿನ ಕೂಲಿ ಲೈನಿನಲ್ಲಿ ಹುಟ್ಟಿ ಬೆಳೆದ ತಮಿಳಿನವನು, ವರ್ಷಗಟ್ಟಲೆ ಈ ಒಂದೇ ಕೈ ನೋಡಿಕೊಂಡು ಬಂದವನು. ಕಟ್ಟಿಕೊಂಡ ಹೆಂಡತಿಯ ಮುಖವನ್ನೂ ನಾನು ಇಷ್ಟು ನೋಡಿಲ್ಲ ಎನ್ನುತ್ತಿದ್ದ.

ಹೆಲ್ಮೆಟ್ಟಿಗೆ ದೊಡ್ಡಪ್ಪ ಚಿಪ್ಪು ಅನ್ನುತ್ತಾರೆ. ಮನೆಯಿಂದ ಒಟ್ಟಿಗೆ ಇಳಿದು ಬರುವಾಗ ಗೇಟಿನ ಹೊರಗೇ ನಾನು ಬಗ್ಗುವುದು, ಅವರು ಹರಸುವುದು, ಆಮೇಲೆ ಇಬ್ಬರೂ ಚಿಪ್ಪು ಹಾಕಿಕೊಂಡು ಒಳಗೆ ಹೋಗುವುದು. ಹೀಗೆ ತಕರಾರಿಲ್ಲದೆ ನಡೆಯುತ್ತಿತ್ತು.

ಆ ಸಲ ಅವರು ಒಂದು ವಾರ ರಜೆ ಹಾಕಿ ಮಸಿನಗುಡಿಗೆ ಹೋಗಿದ್ದರು. ಮಗಳಿಗೆ ಅಲ್ಲಿ ಹೆರಿಗೆಯಾಗಿತ್ತು. ಅವರು ಇಲ್ಲದಾಗಲೇ ಹೆಡ್ ಆಫೀಸಿನಿಂದ ಸುರಕ್ಷತೆಯ ದೊಡ್ಡ ಸಾಹೇಬರೊಬ್ಬರು ತಪಾಸಣೆಗೆ ಬಂದರು. ಪಾಪ, ಬಯಲುಸೀಮೆಯ ಮನುಷ್ಯ. ನಮ್ಮ ಚಳಿಗೆ ಹೆದರಿ ಮಂಕಿ ಕ್ಯಾಪಿನ ಮೇಲೆ ಹೆಲ್ಮೆಟ್ ಹಾಕಿಕೊಂಡಿದ್ದರು, ಕಣ್ಣು ಮೂಗು ಬಿಟ್ಟರೆ ಮನುಷ್ಯ ಕಾಣುತ್ತಿರಲಿಲ್ಲ. ನಾನು ಅವರಿಗೆ ಶೆಡ್ಡು ತೋರಿಸುತ್ತಿದ್ದೆ. ಆಚೆ ಕಡೆ ಡ್ರೈಯರಿನ ಫ್ಯಾನ್ ಕವಚವೊಂದು ಕ್ರೇನಿನಲ್ಲಿ ತೂಗುತ್ತಿತ್ತು. ದೊಡ್ಡಪ್ಪನ ಬದಲಿಗೆ ಸನ್ನೆ ಮಾಡುತ್ತಿದ್ದವನು ಮುಷ್ಟಿ ಎತ್ತಿ ನಿಲ್ಲಿಸಿ, ಅದು ಕೂರಬೇಕಾದ ಮರದ ದಿಮ್ಮಿಗಳು ಸರಿಯಾಗಿವೆಯೇ ಎಂದು ದೂರದಿಂದ ನೋಡುತ್ತಿದ್ದ.

ಅಷ್ಟರಲ್ಲಿ ದೊಡ್ಡಪ್ಪ ಬಂದರು. ಬೆಳಗಿನ ಬಸ್ಸು ಕಲ್ಲಟ್ಟಿ ಘಾಟಿಯಲ್ಲಿ ತಡವಾಗಿತ್ತಂತೆ. ಬಸ್ಸಿಳಿದು ನೇರ ಶೆಡ್ಡಿಗೇ ಬಂದಿದ್ದಾರೆ. ಮುಖ ನೋಡಿದರೇ ತಿಳಿಯಿತು, ತಾಯಿ ಮಗು ಸುಖವಾಗಿದ್ದಾರೆ. ಒಂದು ವಾರ ಕಾಣದ ಹಿರಿಯರು, ಮೇಲಾಗಿ ಅಜ್ಜನಾಗಿ ಬಂದಿದ್ದಾರೆ. ನನಗೆ ಸಾಹೇಬರೂ ನೆನಪಿಲ್ಲ, ಬೋರ್ಡೂ ನೆನಪಿಲ್ಲ. ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಬಗ್ಗಿದೆ. ಅವರೂ ಮರೆತರು. ಉದ್ದ ಕೈ ಚಾಚಿ, ಅಂಗೈ ಕೆಳಮುಖ ಮಾಡಿ, ಮೆಲ್ಲಗೆ ನನ್ನ ನೆತ್ತಿಯ ಮೇಲೆ ಒತ್ತಿದರು.

ಮೇಲಿದ್ದವನು ನೋಡಿದ. ಒಂದು ವಾರದಿಂದ ಕಾಣದ ಕೈ ಕಂಡಿತು, ಅದು ಇಳಿಸು ಎಂದಿತು. ಬದಲಿಯವನ ಮುಷ್ಟಿ ಅವನ ಕಣ್ಣಿಗೆ ಬೀಳಲೇ ಇಲ್ಲ. ಇಳಿಸಿಬಿಟ್ಟ.

"ಒಂದುಗ ಒಂಬತ್ತು ಆಗಲಿ" ಎಂದು ದೊಡ್ಡಪ್ಪ ಹರಸುವುದಕ್ಕೂ ಆಚೆ ಕಡೆ ಫಟೀರೆಂದು ಸದ್ದಾಗುವುದಕ್ಕೂ ಸರಿಹೋಯಿತು. ಕವಚ ಓರೆಯಾಗಿ ಕೂತು ಒಂದು ದಿಮ್ಮಿ ಸೀಳಿತ್ತು. ಕೆಳಗೆ ಯಾರೂ ಇರಲಿಲ್ಲ, ಕವಚಕ್ಕೂ ಏನೂ ಆಗಿರಲಿಲ್ಲ. ಒಂದು ಒಂಬತ್ತಾಗುವ ಬದಲು ಎರಡಾಗಿದೆ ಎಂದು ನನ್ನ ಬಾಯಿಗೆ ಬಂದಿತ್ತು, ಸದ್ಯ ಆಡಲಿಲ್ಲ. ದೊಡ್ಡಪ್ಪನ ಮುಖದ ಬಣ್ಣ ಹೋಗಿತ್ತು.

ನಮ್ಮ ಕಂಪನಿಯಲ್ಲಿ ಏನಾದರೂ ಎಡವಟ್ಟಾದರೆ ಐದು ಸಲ ಯಾಕೆ ಎಂದು ಕೇಳುವ ಪದ್ಧತಿಯಿದೆ. ಐದನೆಯ ಯಾಕೆಗೆ ಬೇರು ಸಿಗುತ್ತದಂತೆ. ಸಾಹೇಬರು ನನ್ನನ್ನು ಅಲ್ಲೇ ನಿಲ್ಲಿಸಿಕೊಂಡು ಶುರುಮಾಡಿದರು. ಲೋಡು ಇಳಿದದ್ದು ಯಾಕೆ? ಆಪರೇಟರಿಗೆ ಅಂಗೈ ಕಂಡಿತು. ಅಂಗೈ ಕಂಡಿದ್ದು ಯಾಕೆ? ನನ್ನ ತಲೆಯ ಮೇಲಿತ್ತು. ತಲೆಯ ಮೇಲೆ ಯಾಕಿತ್ತು? ನಾನು ಬಗ್ಗಿದ್ದೆ. ಬಗ್ಗಿದ್ದು ಯಾಕೆ? ಅವರು ನನ್ನ ದೊಡ್ಡಪ್ಪ. ಸರಿ, ದೊಡ್ಡಪ್ಪನ ಕೈ ನಿಮ್ಮ ತಲೆಯ ಮೇಲೆ ಯಾಕೆ ಬೇಕು?

ಬೇಕು, ಅಷ್ಟೇ ಸಾರ್, ಬೇರು ಅಲ್ಲಿಗೇ ಸಿಕ್ಕಿತಲ್ಲ ಎಂದೆ. ಮಂಕಿ ಕ್ಯಾಪಿನೊಳಗೆ ಅವರು ನಕ್ಕರೋ ಹಲ್ಲು ಕಚ್ಚಿದರೋ ಗೊತ್ತಾಗಲಿಲ್ಲ.

ಆದರೆ ಆಮೇಲೆ ಅವರು ಹೇಳಿದ್ದು ನಗುವ ಮಾತಲ್ಲ. ಸನ್ನೆ ಮಾಡದೆ ಇರುವಾಗಲೂ ಯಾರ ಕೈಯನ್ನು ಕ್ರೇನು ಪಾಲಿಸುತ್ತದೋ ಆ ಕೈ ಅಪಾಯ, ಆ ಮನುಷ್ಯನನ್ನು ಕ್ರೇನಿನ ಕೆಳಗಿನಿಂದ ತೆಗೆದು ಸ್ಟೋರಿಗೆ ಹಾಕಿ ಎಂದರು. ದೊಡ್ಡಪ್ಪನ ನಿವೃತ್ತಿಗೆ ಇನ್ನೊಂದು ವರ್ಷವಿತ್ತು. ಬದುಕಿಡೀ ಕೈಯೆತ್ತಿ ನಿಂತವರನ್ನು ಕೊನೆಯ ವರ್ಷ ನಟ್ಟು ಬೋಲ್ಟು ಎಣಿಸಲು ಕೂರಿಸುವುದೇ? ನನಗೆ ಪಿತ್ತ ನೆತ್ತಿಗೇರಿತು. ಸಾಹೇಬರ ಎದುರು ಹಾಗೆಲ್ಲ ಮಾತಾಡಬಾರದು, ಆಡಿದೆ. ಆ ಕೈಯನ್ನು ಕ್ರೇನು ನಂಬಿದ್ದರಿಂದಲೇ ಇಷ್ಟು ವರ್ಷ ಇಲ್ಲಿ ಯಾರ ಕಾಲೂ ಮುರಿದಿಲ್ಲ. ತಪ್ಪು ಕೈಯದಲ್ಲ, ಒಂದೇ ಸನ್ನೆಗೆ ಎರಡು ಅರ್ಥ ಇಟ್ಟದ್ದು ತಪ್ಪು. ಇಳಿಸುವುದಕ್ಕೆ ಪುಸ್ತಕದ ಸನ್ನೆಯನ್ನೇ ಮಾಡಿಸುತ್ತೇನೆ, ಬೆರಳು ಸುತ್ತಲಿ. ಹರಸುವುದಕ್ಕೆ ಕ್ರೇನು ಬಾರದ ಕಡೆ, ಬಾಗಿಲ ಒಳಗೆ ಗೋಡೆಯ ಪಕ್ಕ, ಹಳದಿ ಗೆರೆಯ ಚೌಕ ಹಾಕಿಸುತ್ತೇನೆ. ಹೆಲ್ಮೆಟ್ ತೆಗೆಯುವುದಿದ್ದರೆ ಅಲ್ಲಿ ಮಾತ್ರ.

ಸಾಹೇಬರು ಗೋಡೆಯ ಪಕ್ಕಕ್ಕೆ ಹೋಗಿ, ಕ್ರೇನಿನ ಹಳಿ ಎಲ್ಲಿಗೆ ಮುಗಿಯುತ್ತದೆ ಎಂದು ತಲೆಯೆತ್ತಿ ನೋಡಿದರು. ಕೊನೆಗೆ ಒಂದು ತಿಂಗಳು ಕೊಟ್ಟರು. ತಿಂಗಳ ಕೊನೆಗೆ ಅಸ್ಸಾಮಿಗೆ ಹೋಗುವ ದೊಡ್ಡ ಡ್ರೈಯರನ್ನು ಲಾರಿಗೆ ಏರಿಸುವುದಿತ್ತು, ಆ ದಿನ ತಾವೇ ಬಂದು ನೋಡುವುದಾಗಿ ಹೇಳಿದರು. ಅಷ್ಟರೊಳಗೆ ಆ ಕೈಯಿಂದ ಒಂದೇ ಒಂದು ತಪ್ಪಾದರೂ ಸ್ಟೋರೇ ಗತಿ.

ಆ ಡ್ರೈಯರು ನನ್ನದು. ಅಂದರೆ ಅದರ ಮೊದಲ ಡ್ರಾಯಿಂಗಿನಿಂದ ಕೊನೆಯ ಓಟದವರೆಗೆ ನಾನೇ ನೋಡಿಕೊಂಡದ್ದು. ಅದರ ಹಿಂದೆಯೇ ನಾನೂ ಹೋಗಿ ಅಸ್ಸಾಮಿನ ತೋಟದಲ್ಲಿ ಅದನ್ನು ಕೂರಿಸಿ ಓಡಿಸಿಕೊಟ್ಟು ಬರಬೇಕಿತ್ತು. ಬೆಟ್ಟ ಇಳಿದು ಅಷ್ಟು ದೂರ ನಾನು ಹೋಗುತ್ತಿದ್ದುದು ಅದೇ ಮೊದಲು. ಖುಷಿಯಲ್ಲಿ ನನಗೆ ನೆಲ ಕಾಣುತ್ತಿರಲಿಲ್ಲ.

ಚೌಕಕ್ಕೆ ಬಣ್ಣ ಬಳಿಸಿದ್ದು ಮರುದಿನವೇ. ಬಣ್ಣ ಒಣಗಿದ ಮೇಲೆ ನಾನು ಅದರೊಳಗೆ ಹೋಗಿ, ಹೆಲ್ಮೆಟ್ ತೆಗೆದು, ದೊಡ್ಡಪ್ಪನಿಗಾಗಿ ಕಾದು ನಿಂತೆ. ಅವರು ಬಂದರು, ನನ್ನನ್ನು ನೋಡಿದರು, ಎರಡೂ ಕೈ ಸ್ವೆಟರಿನೊಳಗೆ ಇಟ್ಟುಕೊಂಡರು.

"ಈ ತಿಂಗ ಈ ಕೈ ಕ್ರೇನುದು, ಕೂಸು. ನಿನಗ ಇಲ್ಲೆ."

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಅಲ್ಲ. ಮರುದಿನ ಗೇಟಿನ ಹೊರಗೂ ಇಲ್ಲ. ಹಟ್ಟಿಯಲ್ಲಿ ಅವರ ಮನೆ ಬಾಗಿಲಿಗೇ ಹೋಗಿ ಬಗ್ಗಿದೆ, ಅಲ್ಲೂ ಇಲ್ಲ. ಒಳಗಿನಿಂದ ದೊಡ್ಡವ್ವ ಬಂದು ಹರಸಿದರು, ಇವರು ಕೈ ಕಟ್ಟಿಕೊಂಡು ಒಲೆಯ ಮುಂದೆ ಕೂತಿದ್ದರು. ಬೆರಳು ಸುತ್ತುವ ಹೊಸ ಸನ್ನೆಗೆ ಕೈ ಒಗ್ಗಬೇಕು, ಅಂಗೈ ಒತ್ತುವ ಅಭ್ಯಾಸ ಪೂರ್ತಿ ಹೋಗಬೇಕು, ನಿನ್ನ ತಲೆಯ ಮೇಲೆ ಒಂದು ಸಲ ಒತ್ತಿದರೂ ಅದು ಮತ್ತೆ ನೆನಪಾಗಿ ಕ್ರೇನಿನ ಕೆಳಗೆ ಬರುತ್ತದೆ ಎಂಬುದು ಅವರ ಲೆಕ್ಕಾಚಾರ. ಮನೆಯಲ್ಲಿ ಕೂತಾಗಲೂ ಬೆರಳು ಕೆಳಗೆ ಮಾಡಿ ಸುತ್ತುತ್ತಲೇ ಇರುತ್ತಿದ್ದರಂತೆ. ಮೊಮ್ಮಗಳನ್ನು ನೋಡಲು ಮತ್ತೆ ಮಸಿನಗುಡಿಗೆ ಹೋದಾಗ ಆ ಕೂಸಿನ ತಲೆಯನ್ನೂ ಮುಟ್ಟದೆ ಬಂದರು ಎಂದು ದೊಡ್ಡವ್ವ ಅತ್ತರು.

ನನಗೆ ಕೆಟ್ಟ ಕೋಪ ಬಂತು. ಇದೆಂಥ ಹಟ, ಮಗುವಿನ ತಲೆಗೂ ಕ್ರೇನಿಗೂ ಏನು ಸಂಬಂಧ? ಅವರ ಜೊತೆ ಮಾತು ಬಿಟ್ಟೆ. ಇಳಿಜಾರಿನಲ್ಲಿ ಅವರು ಮುಂದೆ, ನಾನು ಹಿಂದೆ, ನಡುವೆ ಒಂದು ತೋಟದಷ್ಟು ಜಾಗ. ಶೆಡ್ಡಿನಲ್ಲಿ ಕೆಲಸದ ಮಾತು ಮಾತ್ರ, ಅದೂ ತಮಿಳಿನಲ್ಲಿ. ಅವ್ವನ ಮುಂದೆ ಗೊಣಗಿದರೆ ಅವಳು ನನ್ನ ಕಡೆ ಸೇರಲಿಲ್ಲ. ಅವರ ಕೆಲಸ ಉಳಿಯಲಿ ಅಂತ ತಾನೆ ನೀನು ಆ ಸಾಹೇಬರ ಹತ್ತಿರ ಜಗಳ ಆಡಿದ್ದು, ಅವರೂ ಅದನ್ನೇ ಉಳಿಸಿಕೊಳ್ಳುತ್ತಿದ್ದಾರೆ, ನಿನಗೇನು ಕಷ್ಟ ಎಂದು ಕೇಳಿದಳು. ನನಗೇನು ಕಷ್ಟ! ನೆತ್ತಿ ಬರಿದಾಗಿತ್ತು, ಅದೇ ಕಷ್ಟ. ದಿನಾ ಬೆಳಿಗ್ಗೆ ಅಲ್ಲೊಂದು ಭಾರ ಬೀಳುತ್ತಿತ್ತು, ಈಗ ಬೀಳುತ್ತಿಲ್ಲ. ಹೆಲ್ಮೆಟ್ ಹಾಕಿಕೊಂಡರೆ ಅದು ಸಡಿಲವಾಗಿದೆ ಅನ್ನಿಸುತ್ತಿತ್ತು. ಪಟ್ಟಿ ಬಿಗಿ ಮಾಡಿ ಮಾಡಿ ಕೊನೆಗೆ ತಲೆನೋವು ಬಂತು.

ಇತ್ತ ಹಳದಿ ಚೌಕ ಬೇರೆಯವರ ಪಾಲಾಯಿತು. ಬೆವರು ಒರೆಸಲು, ತಲೆ ಕೆರೆಯಲು, ಫೋನಿನಲ್ಲಿ ಮಾತಾಡಲು ಎಲ್ಲರೂ ಅಲ್ಲಿಗೇ ಬರತೊಡಗಿದರು. ಗೂಡಲೂರಿನಿಂದ ಬರುವ ವೆಲ್ಡರ್ ಒಬ್ಬ ಅಲ್ಲಿ ಕನ್ನಡಿಯನ್ನೂ ತೂಗುಹಾಕಿದ. ಶೆಡ್ಡಿನವರೆಲ್ಲ ಅದಕ್ಕೆ ಚಿಪ್ಪು ತೆಗೆಯುವ ಜಾಗ ಎಂದೇ ಹೆಸರಿಟ್ಟರು. ಅದು ಯಾರಿಗಾಗಿ ಹಾಕಿಸಿದ್ದೋ ಆ ನಾವಿಬ್ಬರು ಮಾತ್ರ ಅದರೊಳಗೆ ಕಾಲಿಡುತ್ತಿರಲಿಲ್ಲ.

ತಿಂಗಳು ಮುಗಿಯುವವರೆಗೂ ದೊಡ್ಡಪ್ಪನ ಕೈಯಿಂದ ಒಂದು ತಪ್ಪೂ ಆಗಲಿಲ್ಲ. ಲಾರಿ ಬಂದ ದಿನ ಸಾಹೇಬರೂ ಬಂದರು, ಅದೇ ಮಂಕಿ ಕ್ಯಾಪು. ಡ್ರೈಯರಿನ ದೊಡ್ಡ ಭಾಗ ಒಂದು ಕೋಣೆಯಷ್ಟಿತ್ತು. ಲಾರಿ ಹಿಂದಕ್ಕೆ ಬಂದು ಶೆಡ್ಡಿನೊಳಗೆ ನಿಂತಿತು. ಸರಪಳಿಗಳನ್ನು ನಾನೇ ಸುತ್ತಲೂ ಹೋಗಿ ಪರೀಕ್ಷಿಸಿದೆ. ದೊಡ್ಡಪ್ಪ ಎಲ್ಲರಿಗೂ ಕಾಣುವ ಜಾಗದಲ್ಲಿ ನಿಂತು ತಲೆ ಎತ್ತಿದರು. ಮೇಲಿನವನೂ ಕೆಳಗೆ ನೋಡಿದ.

ಹೆಬ್ಬೆರಳು ಮೇಲೆ. ಲೋಡು ನೆಲ ಬಿಟ್ಟಿತು. ಕೈ ಪಕ್ಕಕ್ಕೆ. ಅದು ತೇಲಿಕೊಂಡು ಬಂದು ಲಾರಿಯ ಮೇಲೆ ನಿಂತಿತು. ಮುಷ್ಟಿ. ಇನ್ನು ಇಳಿಸಬೇಕು. ಆ ಕೈ ಗಾಳಿಯಲ್ಲಿ ಅರೆಕ್ಷಣ ತಡೆಯಿತು. ಐದೂ ಬೆರಳು ಬಿಚ್ಚಿದ್ದನ್ನು ನಾನು ನೋಡಿದೆ. ಬದುಕಿಡೀ ಅಂಗೈ ಒತ್ತಿದ ಕೈ ಅದು. ಆಮೇಲೆ ನಾಲ್ಕು ಬೆರಳು ಮಡಚಿಕೊಂಡವು, ತೋರುಬೆರಳು ಒಂದೇ ಕೆಳಗೆ ತಿರುಗಿ ಮೆಲ್ಲಗೆ ಸುತ್ತತೊಡಗಿತು. ಡ್ರೈಯರು ಲಾರಿಯ ಹಲಗೆಯ ಮೇಲೆ ಸದ್ದಿಲ್ಲದೆ ಕೂತಿತು.

ಸಾಹೇಬರು ನನ್ನ ಕಡೆ ತಿರುಗಿ ತಲೆಯಾಡಿಸಿದರು. ನಿಮ್ಮ ದೊಡ್ಡಪ್ಪ ಇಲ್ಲೇ ಇರಲಿ, ಈ ಹಳದಿ ಚೌಕವನ್ನು ಬೇರೆ ಪ್ಲಾಂಟುಗಳಲ್ಲೂ ಹಾಕಿಸಿದರೆ ಹೇಗೆ ಎಂದು ಕೇಳಿದರು. ಹಾಕಿಸಿ ಸಾರ್, ಆದರೆ ದೊಡ್ಡಪ್ಪನನ್ನು ಕೊಡುವುದಿಲ್ಲ ಎಂದೆ. ಈ ಸಲ ಅವರು ನಕ್ಕದ್ದು ಕ್ಯಾಪಿನ ಮೇಲಿಂದಲೂ ಕಂಡಿತು.

ಮರುದಿನ ನಾನು ಹೊರಡಬೇಕಿತ್ತು. ಲಾರಿಗೆ ಹಗ್ಗ ಬಿಗಿಯುವುದನ್ನು ನೋಡುತ್ತಾ ನಿಂತಿದ್ದೆ. ಮಾತು ಬಿಟ್ಟ ಮೇಲೆ ನಾನಾಗಿ ಹೋಗುವುದು ಹೇಗೆ ಎಂದು ಬಿಗುಮಾನ ಬೇರೆ. ತಿರುಗಿ ನೋಡಿದರೆ ದೊಡ್ಡಪ್ಪ ಚಿಪ್ಪು ತೆಗೆಯುವ ಜಾಗದಲ್ಲಿ ನಿಂತಿದ್ದರು. ಕೈಗವಸು ಕಳಚಿ, ಹತ್ತಿಯ ಚಿಂದಿಯಿಂದ ಬೆರಳು ಬೆರಳನ್ನೂ ಬಿಡಿಸಿ ಒರೆಸಿಕೊಳ್ಳುತ್ತಿದ್ದರು. ಒರೆಸಿ ಮುಗಿದ ಮೇಲೂ ಒರೆಸುತ್ತಲೇ ಇದ್ದರು.

ಹೋದೆ. ಬಿಗುಮಾನವೂ ಇಲ್ಲ, ಮಣ್ಣೂ ಇಲ್ಲ. ಹಳದಿ ಗೆರೆ ದಾಟಿ ಹೆಲ್ಮೆಟ್ ತೆಗೆದು ಬಗ್ಗಿದೆ. ಅಂಗೈ ಬಂದು ಕೂತಿತು. ಎಷ್ಟು ಬಿಸಿಯಾಗಿತ್ತು ಆ ಕೈ, ಎಷ್ಟು ಭಾರ! ನನಗೆ ಅಳು ಬಂತು, ಅತ್ತೆ, ನೆಲ ನೋಡುತ್ತಿದ್ದುದರಿಂದ ಯಾರಿಗೂ ಕಾಣಲಿಲ್ಲ. ದೊಡ್ಡಪ್ಪ ಹರಸಲು ಬಾಯಿ ತೆರೆದಿದ್ದರಷ್ಟೇ, ಮೇಲಿನಿಂದ ಕೂಗು ಕೇಳಿಸಿತು. ಕ್ರೇನಿನವನು ಗೂಡಿನಿಂದ ಅರ್ಧ ಮೈ ಹೊರಗೆ ಹಾಕಿ, ಇಡೀ ಶೆಡ್ಡಿಗೆ ಕೇಳುವಂತೆ ಕೇಳುತ್ತಿದ್ದ, ಅದು ನನಗಾ ಎಂದು.

"ಅಣ್ಣೇ, ಅದು ಎನಕ್ಕಾ?"

ದೊಡ್ಡಪ್ಪ ಕೈ ತೆಗೆಯಲಿಲ್ಲ. ತಲೆಯನ್ನು ಮಾತ್ರ ಮೇಲೆತ್ತಿ ಉತ್ತರ ಕೊಟ್ಟರು.

"ಇಲ್ಲೆ. ಇದು ಎನ್ನ ಕೂಸಿಗ."